ಕೆಳಗೆ ಬಿಸಿ, ಮೇಲೆ ಚಳಿ: ನಮ್ಮ ಹೊಗೆಗೆ ಕುಗ್ಗುತ್ತಿರುವ ಮೇಲಿನ ವಾತಾವರಣ

2002ರಿಂದ 2019ರ ನಡುವೆ ಭೂಮಿಯ ವಾತಾವರಣದ ಒಂದು ಭಾಗ ಸುಮಾರು 1,333 ಮೀಟರ್ ಕುಗ್ಗಿತು. ನೆಲದಿಂದ ಸರಿಸುಮಾರು 50 ಕಿ.ಮೀ. ಎತ್ತರದಲ್ಲಿ ಶುರುವಾಗಿ 105 ಕಿ.ಮೀ.ವರೆಗೆ ಇರುವ ಗಾಳಿಯ ಮಾತು ಇದು. ಇದನ್ನು ಅಳೆದದ್ದು ನಾಸಾದ ಟೈಮ್ಡ್ ಉಪಗ್ರಹದಲ್ಲಿರುವ ಸೇಬರ್ ಎಂಬ ಉಪಕರಣ.

ಈ ಕುಗ್ಗುವಿಕೆಯಲ್ಲಿ ದೊಡ್ಡ ಪಾಲು ಸೂರ್ಯನದು. 2002ರಲ್ಲಿ ಸೂರ್ಯ ಬಹಳ ಚುರುಕಾಗಿದ್ದ. 2019ರ ಹೊತ್ತಿಗೆ ಅವನ ಅಬ್ಬರ ಇಳಿದಿತ್ತು. ಆದರೆ ಸುಮಾರು 342 ಮೀಟರ್ ಕುಗ್ಗಿದ್ದಕ್ಕೆ ಕಾರಣ ಕಾರ್ಬನ್ ಡೈಆಕ್ಸೈಡ್. ಈ ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸ ಇದೆ. ಸೂರ್ಯ ಮತ್ತೆ ಚುರುಕಾದಾಗ ಅವನಿಂದ ಕುಗ್ಗಿದ ಗಾಳಿ ಮತ್ತೆ ಹಿಗ್ಗುತ್ತದೆ. ಕಾರ್ಬನ್ ಡೈಆಕ್ಸೈಡ್‌ನಿಂದ ಆದ ಕುಗ್ಗುವಿಕೆ ಹಾಗಲ್ಲ. ಆ ಅನಿಲ ಏರುತ್ತಲೇ ಇರುವವರೆಗೆ ಅದೂ ಬೆಳೆಯುತ್ತಲೇ ಹೋಗುತ್ತದೆ.

ಗಾಳಿ ಕುಗ್ಗುವುದು ತಣ್ಣಗಾದಾಗ. ನೆಲದ ಹತ್ತಿರ ಬಿಸಿ ಏರಿಸುವ ಅನಿಲವೇ ಮೇಲೆ ಚಳಿ ತರುತ್ತಿದೆ ಅಂದರೆ ನಂಬುವುದು ಕಷ್ಟ, ಅಲ್ವಾ? ಇದು ಅರ್ಥವಾಗಬೇಕಾದರೆ ಮೇಲಿನ ಪದರಗಳು ಒಂದಕ್ಕಿಂತ ಒಂದು ಎಷ್ಟು ಬೇರೆ ಎಂದು ನೋಡಬೇಕು. ಶಾಲೆಯ ಪುಸ್ತಕಗಳು ಅವನ್ನು ಒಂದರ ಮೇಲೊಂದು ಇಟ್ಟ ಬಣ್ಣದ ಪಟ್ಟಿಗಳಂತೆ ಬರೆದು ತೋರಿಸುತ್ತವೆ. ಹೆಸರುಗಳು ಬಾಯಿಪಾಠವಾಗುತ್ತವೆ. ಆದರೆ ಅಲ್ಲಿ ಗಾಳಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಆ ಚಿತ್ರದಲ್ಲಿ ಕಾಣುವುದಿಲ್ಲ.

ಅತಿ ತಣ್ಣನೆಯ ಪದರ

ನಾವಿರುವ ಪರಿವರ್ತನ ಮಂಡಲ ಮತ್ತು ಅದರ ಮೇಲೆ ಓಝೋನ್ ಇರುವ ಸಮೋಷ್ಣ ಮಂಡಲ, ಇವೆರಡೂ ಮುಗಿಯುವುದು ಸುಮಾರು 50 ಕಿ.ಮೀ. ಎತ್ತರದಲ್ಲಿ. ಅಷ್ಟರೊಳಗೆ ವಾತಾವರಣದ ತೂಕದ 99.9 ಶೇಕಡ ಭಾಗ ಮುಗಿದುಹೋಗಿರುತ್ತದೆ. ಉಳಿದ ಪುಟ್ಟ ಪಾಲು ಮಾತ್ರ ಅಲ್ಲಿಂದ ಸಾವಿರಾರು ಕಿ.ಮೀ.ವರೆಗೆ ಹರಡಿಕೊಂಡಿದೆ.

50 ಕಿ.ಮೀ. ದಾಟಿದರೆ ಮಧ್ಯಂತರ ಮಂಡಲ, ಅಂದರೆ ಮೆಸೊಸ್ಫಿಯರ್. ಇಲ್ಲಿ ಮೇಲೆ ಹೋದಷ್ಟೂ ಚಳಿ. 85–90 ಕಿ.ಮೀ. ಎತ್ತರದಲ್ಲಿ ಉಷ್ಣಾಂಶ ಸಾಮಾನ್ಯವಾಗಿ ಮೈನಸ್ 90 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಧ್ರುವಗಳ ಮೇಲೆ ಅದು ಮೈನಸ್ 130ಕ್ಕೂ ಕೆಳಗೆ ಇಳಿಯುತ್ತದೆ. ಅದೂ ಯಾವಾಗ? ಚಳಿಗಾಲದಲ್ಲಲ್ಲ, ಬೇಸಿಗೆಯಲ್ಲಿ. ದಿನವಿಡೀ ಬಿಸಿಲಿರುವ ಧ್ರುವದ ಬೇಸಿಗೆಯಲ್ಲೇ ಭೂಮಿಯ ವಾತಾವರಣದ ಅತಿ ತಣ್ಣನೆಯ ಜಾಗ ಹುಟ್ಟುತ್ತದೆ.

ಕಾರಣ ಸೊಗಸಾಗಿದೆ. ಕೆಳಗೆ ಬೆಟ್ಟಗಳ ಮೇಲೆ ಗಾಳಿ ಹಾಯುವಾಗ, ಗುಡುಗಿನ ಮೋಡಗಳು ಎದ್ದಾಗ ಗಾಳಿಯಲ್ಲಿ ಅಲೆಗಳು ಏಳುತ್ತವೆ. ಅವು ಮೇಲೆ ಹೋಗುತ್ತಾ ದೊಡ್ಡದಾಗುತ್ತವೆ, ಮಧ್ಯಂತರ ಮಂಡಲದಲ್ಲಿ ಒಡೆಯುತ್ತವೆ. ಒಡೆದ ಅಲೆಗಳ ತಳ್ಳಾಟದಿಂದ ಬೇಸಿಗೆಯ ಧ್ರುವದ ಮೇಲೆ ಗಾಳಿ ಮೇಲಕ್ಕೇರುತ್ತದೆ. ಏರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ಆ ಚಳಿಯಲ್ಲಿ, ಉಲ್ಕೆಗಳು ಬಿಟ್ಟುಹೋದ ಸಣ್ಣ ಧೂಳಿನ ಮೇಲೆ ಮಂಜುಗಡ್ಡೆ ಕಟ್ಟಿ, ಸುಮಾರು 83 ಕಿ.ಮೀ. ಎತ್ತರದಲ್ಲಿ ತೆಳ್ಳನೆಯ ನೀಲಿ ಮೋಡಗಳು ಆಗುತ್ತವೆ. ಸೂರ್ಯ ಮುಳುಗಿದ ಮೇಲೂ ಅವು ಹೊಳೆಯುತ್ತವೆ. ಜನ ಇವನ್ನು ಗಮನಿಸಿ ಬರೆದಿಟ್ಟದ್ದು 1885ರಲ್ಲಿ, ಕ್ರಾಕಟೋವಾ ಜ್ವಾಲಾಮುಖಿ ಸಿಡಿದ ಎರಡು ವರ್ಷದ ಮೇಲೆ.

ಉಲ್ಕೆಗಳಲ್ಲಿ ಹೆಚ್ಚಿನವು ಉರಿದು ಮುಗಿಯುವುದೂ ಇದೇ ಸುತ್ತಿನಲ್ಲಿ. ಅವು ಬಿಟ್ಟ ಸೋಡಿಯಂ, ಕಬ್ಬಿಣದ ಪರಮಾಣುಗಳು 80ರಿಂದ 105 ಕಿ.ಮೀ. ನಡುವೆ ತೆಳುವಾದ ಪದರವಾಗಿ ನಿಂತಿವೆ. ದೊಡ್ಡ ದೂರದರ್ಶಕಗಳು ಲೇಸರ್ ಬಿಟ್ಟು ಆ ಸೋಡಿಯಂ ಅನ್ನು ಹೊಳೆಯಿಸಿ, ಅದನ್ನೇ ಕೃತಕ ನಕ್ಷತ್ರ ಮಾಡಿಕೊಂಡು ತಮ್ಮ ಚಿತ್ರಗಳನ್ನು ಚುರುಕು ಮಾಡಿಕೊಳ್ಳುತ್ತವೆ.

ಇಷ್ಟೆಲ್ಲ ನಡೆಯುವ ಈ ಪದರವನ್ನು ಮುಟ್ಟಿ ನೋಡುವುದೇ ಕಷ್ಟ. ಬಲೂನುಗಳು ಸುಮಾರು 54 ಕಿ.ಮೀ.ಗಿಂತ ಮೇಲೆ ಹೋಗಿಲ್ಲ. ಉಪಗ್ರಹಗಳು ಇಷ್ಟು ಕೆಳಗೆ ಸುತ್ತಲಾರವು, ಗಾಳಿ ಅವನ್ನು ಎಳೆದು ಕೆಡವುತ್ತದೆ. ಒಳಗೆ ಹೊಕ್ಕು ಅಳೆಯಲು ಉಳಿದದ್ದು ಕೆಲವೇ ನಿಮಿಷ ಅಲ್ಲಿ ಹಾದುಹೋಗುವ ಸಣ್ಣ ರಾಕೆಟ್‌ಗಳು. ಉಳಿದದ್ದನ್ನೆಲ್ಲ ದೂರದಿಂದಲೇ, ರೇಡಾರ್, ಲೇಸರ್, ಉಪಗ್ರಹದ ಕಣ್ಣುಗಳಿಂದ ನೋಡಬೇಕು.

ಸಾವಿರ ಡಿಗ್ರಿ ಇದ್ದರೂ ಸುಡದ ಜಾಗ

ಸುಮಾರು 90 ಕಿ.ಮೀ. ದಾಟುತ್ತಿದ್ದಂತೆ ಲೆಕ್ಕ ತಿರುಗುತ್ತದೆ. ಇಲ್ಲಿಂದ ಉಷ್ಣತಾ ಮಂಡಲ, ಥರ್ಮೊಸ್ಫಿಯರ್. ಸೂರ್ಯನಿಂದ ಬರುವ ಎಕ್ಸ್-ರೇ ಮತ್ತು ಅತಿ ಚುರುಕಾದ ನೇರಳಾತೀತ ಕಿರಣಗಳನ್ನು ಹೀರುವುದು ಇದೇ ಪದರ. ಅದಕ್ಕೇ ಉಷ್ಣಾಂಶ ಸರಸರ ಏರಿ 500ರಿಂದ 1,500 ಡಿಗ್ರಿ, ಸೂರ್ಯ ಕೆರಳಿದಾಗ ಇನ್ನೂ ಮೇಲೆ ಹೋಗುತ್ತದೆ. ಹಾಗಿದ್ದೂ ಅಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಕರಗುವುದಿಲ್ಲ. ಸುರುಸುರು ಬತ್ತಿಯ ಕಿಡಿ ಸಾವಿರ ಡಿಗ್ರಿ ಬಿಸಿ ಇದ್ದರೂ ಕೈಗೆ ತಾಗಿದರೆ ಸುಡುವುದಿಲ್ಲ. ಯಾಕೆಂದರೆ ಕಿಡಿಯಲ್ಲಿರುವ ವಸ್ತು ತೀರಾ ಕಡಿಮೆ. ಇಲ್ಲೂ ಹಾಗೇ. ಒಂದೊಂದು ಕಣವೂ ಭಯಂಕರ ವೇಗದಲ್ಲಿ ಓಡುತ್ತಿರುತ್ತದೆ, ಆದರೆ ಕಣಗಳೇ ಅಪರೂಪ.

ಎಷ್ಟು ಅಪರೂಪ ಅಂತ ಗೊತ್ತಾಗಲು ಒಂದು ಅಳತೆ ಸಾಕು. ನಮ್ಮ ಸುತ್ತಲಿನ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮೊದಲು ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲೂ ಸಾಗುವುದಿಲ್ಲ. 100 ಕಿ.ಮೀ. ಎತ್ತರದಲ್ಲಿ ಅದು ಸುಮಾರು 14 ಸೆಂಟಿಮೀಟರ್ ಸಾಗುತ್ತದೆ. ಬಾಹ್ಯಾಕಾಶ ನಿಲ್ದಾಣ ಇರುವ 400 ಕಿ.ಮೀ. ಎತ್ತರದಲ್ಲಿ ಹತ್ತು ಕಿ.ಮೀ.ಗೂ ಜಾಸ್ತಿ.

ಮೇಲಿನ ಪದರಗಳ ಗುಟ್ಟು ಇರುವುದು ಈ ಡಿಕ್ಕಿಯ ಲೆಕ್ಕದಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಉಷ್ಣಾಂಶ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬ ಗೆರೆಗಿಂತ ಇದು ಹೆಚ್ಚು ಹೇಳುತ್ತದೆ. ಸುಮಾರು 100 ಕಿ.ಮೀ.ವರೆಗೆ ಗಾಳಿ ಚೆನ್ನಾಗಿ ಕಲಕಿಕೊಂಡಿರುತ್ತದೆ. ನೈಟ್ರೋಜನ್ 78, ಆಮ್ಲಜನಕ 21 ಎಂಬ ಪಾಲು ಹೆಚ್ಚುಕಡಿಮೆ ಒಂದೇ. ಅದರ ಮೇಲೆ ಕಲಕುವ ಶಕ್ತಿ ಸೋಲುತ್ತದೆ. ಒಂದೊಂದು ಅನಿಲವೂ ತನ್ನ ತೂಕಕ್ಕೆ ತಕ್ಕಂತೆ ಬೇರೆಯಾಗಿ ನಿಲ್ಲುತ್ತದೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಸುಮಾರು 200 ಕಿ.ಮೀ. ದಾಟಿದರೆ ಅಲ್ಲಿ ಜಾಸ್ತಿ ಇರುವುದು ಜೋಡಿ ಮುರಿದ ಆಮ್ಲಜನಕದ ಒಂಟಿ ಪರಮಾಣುಗಳು. ಅವು ಉಪಗ್ರಹಗಳ ಮೇಲ್ಮೈಯ ಪ್ಲಾಸ್ಟಿಕ್ಕನ್ನು ನಿಧಾನಕ್ಕೆ ಕೊರೆದು ಹಾಕುತ್ತವೆ.

ಧ್ರುವಪ್ರಭೆಯ, ಅಂದರೆ ಧ್ರುವಗಳ ಕಡೆಯ ರಾತ್ರಿ ಆಕಾಶದಲ್ಲಿ ಕಾಣುವ ಅರೋರಾ ಬೆಳಕಿನ ಬಣ್ಣಗಳಲ್ಲಿ ಈ ಲೆಕ್ಕವನ್ನು ಕಣ್ಣಾರೆ ನೋಡಬಹುದು. ಹಸಿರು ಬೆಳಕು ಬರುವುದು ಹೆಚ್ಚಾಗಿ 100ರಿಂದ 150 ಕಿ.ಮೀ. ಎತ್ತರದಿಂದ, ಕೆಂಪು ಬರುವುದು 200 ಕಿ.ಮೀ.ಗೂ ಮೇಲಿನಿಂದ. ಎರಡೂ ಆಮ್ಲಜನಕದ ಪರಮಾಣುವಿನದ್ದೇ. ಕೆರಳಿದ ಪರಮಾಣು ಹಸಿರು ಬೆಳಕು ಬಿಡಲು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಸಾಕು. ಕೆಂಪು ಬೆಳಕು ಬಿಡಲು ಸುಮಾರು 110 ಸೆಕೆಂಡು ಬೇಕು. ಅಷ್ಟು ಹೊತ್ತು ಯಾರೂ ಡಿಕ್ಕಿ ಹೊಡೆಯದೆ ಇದ್ದರೆ ಮಾತ್ರ ಕೆಂಪು. ಕೆಳಗೆ ಅಷ್ಟು ಬಿಡುವು ಸಿಗುವುದಿಲ್ಲ. ಡಿಕ್ಕಿಯಲ್ಲೇ ಶಕ್ತಿ ಕೈಬಿಟ್ಟು ಹೋಗಿರುತ್ತದೆ. 2024ರ ಮೇ 10 ಮತ್ತು 11ರ ದೊಡ್ಡ ಸೌರ ಬಿರುಗಾಳಿಯ ವೇಳೆ ಧ್ರುವಗಳಿಂದ ತುಂಬಾ ದೂರದ ನಾಡುಗಳಲ್ಲೂ ಆಕಾಶ ಕೆಂಪಾಗಿ ಕಂಡಿತು. ದೂರದವರಿಗೆ ಧ್ರುವಪ್ರಭೆಯ ಮೇಲಿನ ತುದಿ ಮಾತ್ರ ದಿಗಂತದ ಮೇಲೆ ಕಾಣುತ್ತದೆ. ಮೇಲಿನ ತುದಿ ಅಂದರೆ ಕೆಂಪು.

ಆಯಾನು ಮಂಡಲ ಇನ್ನೊಂದು ಬೇರೆ ಪದರ ಎಂದು ಹಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಸುಮಾರು 60 ಕಿ.ಮೀ.ನಿಂದ ಮೇಲಕ್ಕೆ, ಇದೇ ಪದರಗಳ ಒಳಗೇ, ಸೂರ್ಯನ ಕಿರಣಗಳು ಎಲೆಕ್ಟ್ರಾನ್ ಕಿತ್ತು ವಿದ್ಯುತ್ ತುಂಬಿದ ಕಣಗಳನ್ನು ಮಾಡಿರುತ್ತವೆ. ಶಾರ್ಟ್‌ವೇವ್ ರೇಡಿಯೋ ಸಾಗರ ದಾಟುವುದು ಇವುಗಳಿಂದ ಬಾಗಿ ಬಂದು. ಜಿಪಿಎಸ್ ಸಂಕೇತಗಳು ತಡವಾಗಿ ತಪ್ಪು ಜಾಗ ತೋರಿಸುವುದಕ್ಕೂ ಇವೇ ಒಂದು ಕಾರಣ.

ಇನ್ನು 500–1,000 ಕಿ.ಮೀ. ಆಚೆಗಿನ ಬಾಹ್ಯ ಮಂಡಲದ ಬಗ್ಗೆ ಒಂದೆರಡೇ ಮಾತು. ಅಲ್ಲಿ ಡಿಕ್ಕಿ ಎಂಬುದೇ ಹೆಚ್ಚುಕಡಿಮೆ ಇಲ್ಲ. ಕಣಗಳು ಎಸೆದ ಕಲ್ಲಿನಂತೆ ಮೇಲೇರಿ ಬೀಳುತ್ತವೆ. ಸಾಕಷ್ಟು ವೇಗ ಇದ್ದದ್ದು ಭೂಮಿಯನ್ನೇ ಬಿಟ್ಟು ಹೋಗುತ್ತದೆ. ಸೂರ್ಯನನ್ನು ನೋಡುವ ಸೋಹೋ ನೌಕೆಯ ಅಳತೆಗಳ ಆಧಾರದ ಮೇಲೆ 2019ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಭೂಮಿಯ ಹೈಡ್ರೋಜನ್‌ನ ತೆಳ್ಳನೆ ಮೋಡ ಸುಮಾರು 6,30,000 ಕಿ.ಮೀ.ವರೆಗೆ ಹಬ್ಬಿದೆ. ಅಂದರೆ ಚಂದ್ರನೂ ಅದರೊಳಗೇ ಇದ್ದಾನೆ.

ಒಂದೇ ಅನಿಲ, ಎರಡು ಕೆಲಸ

ಈಗ ಕಾರ್ಬನ್ ಡೈಆಕ್ಸೈಡ್ ವಿಷಯಕ್ಕೆ ಬರೋಣ. ಇದು ಶಾಖದ ಕಿರಣಗಳನ್ನು, ಅಂದರೆ ಇನ್‌ಫ್ರಾರೆಡ್ ಕಿರಣಗಳನ್ನು ಹೀರಬಲ್ಲದು, ಬಿಡಬಲ್ಲದು ಕೂಡ.

ಕೆಳಗಿನ ದಟ್ಟ ಗಾಳಿಯಲ್ಲಿ ಏನಾಗುತ್ತದೆ? ನೆಲದಿಂದ ಬಂದ ಶಾಖದ ಕಿರಣವನ್ನು ಒಂದು ಅಣು ಹೀರುತ್ತದೆ. ಅದನ್ನು ವಾಪಸ್ ಬಿಡುವ ಮೊದಲೇ ಪಕ್ಕದ ಅಣುಗಳು ಡಿಕ್ಕಿ ಹೊಡೆಯುತ್ತವೆ, ಶಕ್ತಿ ಅವಕ್ಕೆ ಹಂಚಿಹೋಗುತ್ತದೆ, ಗಾಳಿ ಬಿಸಿಯಾಗುತ್ತದೆ. ಅಕಸ್ಮಾತ್ ಕಿರಣ ಬಿಟ್ಟರೂ ಮೇಲಿರುವ ಇನ್ನೊಂದು ಕಾರ್ಬನ್ ಡೈಆಕ್ಸೈಡ್ ಅಣು ಅದನ್ನು ಹಿಡಿದುಕೊಳ್ಳುತ್ತದೆ. ಶಾಖ ಹೊರಗೆ ಹೋಗಲು ತಿಣುಕಾಡುತ್ತದೆ.

ಮೇಲಿನ ವಿರಳ ಗಾಳಿಯಲ್ಲಿ ಕಥೆ ಉಲ್ಟಾ. ಆಮ್ಲಜನಕದ ಪರಮಾಣುವೋ ಇನ್ನೊಂದು ಅಣುವೋ ಬಂದು ಕಾರ್ಬನ್ ಡೈಆಕ್ಸೈಡ್‌ಗೆ ಗುದ್ದುತ್ತದೆ. ಗುದ್ದಿದ ಕಣದ ಶಕ್ತಿಯಲ್ಲಿ ಒಂದಿಷ್ಟು ಇದಕ್ಕೆ ಬರುತ್ತದೆ, ಅಣು ಅದುರತೊಡಗುತ್ತದೆ. ಬೇರೆ ಡಿಕ್ಕಿಗಳಲ್ಲಿ ಕಳೆದುಕೊಳ್ಳುವ ಮುಂಚೆಯೇ ಅದು ಆ ಶಕ್ತಿಯನ್ನು 15 ಮೈಕ್ರೋಮೀಟರ್ ಅಲೆಯುದ್ದದ ಕಿರಣವಾಗಿ ಬಿಟ್ಟುಬಿಡುತ್ತದೆ. ಮೇಲೆ ಹಿಡಿಯುವವರು ಯಾರೂ ಇಲ್ಲ. ಕಿರಣ ಸೀದಾ ಬಾಹ್ಯಾಕಾಶಕ್ಕೆ ಹೋಗುತ್ತದೆ. ಹೀಗೆ ಈ ಅನಿಲ ಸುತ್ತಲಿನ ಗಾಳಿಯಿಂದ ಶಾಖ ಎತ್ತಿಕೊಂಡು ಹೊರಗೆ ಎಸೆಯುವ ಕೆಲಸ ಮಾಡುತ್ತದೆ. ಅನಿಲ ಜಾಸ್ತಿಯಾದಷ್ಟೂ ಎಸೆಯುವುದು ಜಾಸ್ತಿ.

ಕೈಗಾರಿಕೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಕಾರ್ಬನ್ ಡೈಆಕ್ಸೈಡ್‌ನದ್ದು. ಈಗ ಅದು 420 ದಾಟಿದೆ. ಸಮೋಷ್ಣ ಮಂಡಲ ತಣ್ಣಗಾಗುತ್ತದೆ ಎಂದು ಹವಾಮಾನ ವಿಜ್ಞಾನಿಗಳಾದ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಮನಾಬೆ ಅವರಿಗೆ 2021ರಲ್ಲಿ ನೊಬೆಲ್ ಬಂತು. ಇನ್ನೂ ಮೇಲಿನ ಪದರಗಳ ಲೆಕ್ಕವನ್ನು 1989ರಲ್ಲಿ ರೇಮಂಡ್ ರೋಬಲ್ ಮತ್ತು ರಾಬರ್ಟ್ ಡಿಕಿನ್ಸನ್ ಮಾಡಿದರು. ಕಾರ್ಬನ್ ಡೈಆಕ್ಸೈಡ್ ಮತ್ತು ಮೀಥೇನ್ ಎರಡು ಪಟ್ಟಾದರೆ ಮಧ್ಯಂತರ ಮಂಡಲ ಸುಮಾರು 10 ಡಿಗ್ರಿ, ಉಷ್ಣತಾ ಮಂಡಲ ಸುಮಾರು 50 ಡಿಗ್ರಿ ತಣ್ಣಗಾಗುತ್ತದೆ ಎಂದು ಅವರು ಕಂಡುಕೊಂಡರು. ಆಗ ಅದನ್ನು ಅಳೆದು ನೋಡುವ ದಾರಿ ಸರಿಯಾಗಿ ಇರಲಿಲ್ಲ. ಈಗಿನ ಅಳತೆಗಳು ಅದೇ ದಿಕ್ಕನ್ನು ತೋರಿಸುತ್ತಿವೆ.

ಭೂಮಿ ಬಿಸಿಯಾಗುತ್ತಿರುವುದು ಸೂರ್ಯನಿಂದ, ಮನುಷ್ಯರಿಂದ ಅಲ್ಲ ಎಂದು ವಾದ ಮಾಡುವವರಿಗೆ ಇಲ್ಲೇ ಉತ್ತರ ಇದೆ. ಸೂರ್ಯನ ಶಾಖ ಹೆಚ್ಚಿದ್ದರೆ ಮೇಲಿನ ಪದರಗಳೂ ಬಿಸಿಯಾಗಬೇಕಿತ್ತು. ಆಗಿರುವುದು ಕೆಳಗೆ ಬಿಸಿ, ಮೇಲೆ ಚಳಿ. ಸಮೋಷ್ಣ ಮಂಡಲದ ಮಧ್ಯ ಮತ್ತು ಮೇಲಿನ ಭಾಗ 1986ರಿಂದ 2022ರೊಳಗೆ ಸುಮಾರು 2 ಡಿಗ್ರಿ ತಣ್ಣಗಾಗಿದೆ. ಅಲ್ಲಿ ಓಝೋನ್ ಕಡಿಮೆಯಾದದ್ದೂ ಇದಕ್ಕೆ ಸ್ವಲ್ಪ ಕಾರಣ. ಅದೂ ಮನುಷ್ಯರ ಕೆಲಸವೇ. ಇಷ್ಟು ಸ್ಪಷ್ಟ ಗುರುತು ಇರುವಾಗ ಹವಾಮಾನದ ಚರ್ಚೆಗಳಲ್ಲಿ ಇದನ್ನು ಇನ್ನೂ ಜಾಸ್ತಿ ಹೇಳಬೇಕು ಅನ್ನಿಸುತ್ತದೆ.

ಕಸ ಗುಡಿಸುವ ಗಾಳಿ

ತಣ್ಣಗಾದ ಗಾಳಿ ಕುಗ್ಗುತ್ತದೆ. ಕೆಳಗಿನ ಪದರ ಕುಗ್ಗಿದರೆ ಅದರ ಮೇಲೆ ನಿಂತದ್ದೆಲ್ಲ ಕೆಳಗೆ ಇಳಿಯುತ್ತದೆ. ಆಗ 400 ಕಿ.ಮೀ. ಎಂಬ ಒಂದು ನಿಗದಿ ಎತ್ತರದಲ್ಲಿ ಉಳಿಯುವ ಗಾಳಿ ಮೊದಲಿಗಿಂತ ಕಡಿಮೆ. 1960ರ ದಶಕದಿಂದ ಉಪಗ್ರಹಗಳ ಕಕ್ಷೆ ಎಷ್ಟು ಬೇಗ ಇಳಿಯುತ್ತದೆ ಎಂದು ಗುರುತಿಸಿಟ್ಟ ದಾಖಲೆಗಳಿವೆ. ಅವುಗಳಿಂದ ತೆಗೆದ ಲೆಕ್ಕದಲ್ಲಿ ಆ ಎತ್ತರದ ಗಾಳಿಯ ಸಾಂದ್ರತೆ ಹತ್ತು ವರ್ಷಕ್ಕೆ ಸುಮಾರು 2ರಿಂದ 5 ಶೇಕಡ ಇಳಿಯುತ್ತಾ ಬಂದಿದೆ. ಸೂರ್ಯ ತಣ್ಣಗಿರುವ ವರ್ಷಗಳಲ್ಲಿ ಇಳಿಕೆ ಎದ್ದು ಕಾಣುತ್ತದೆ.

ಉಪಗ್ರಹ ನಡೆಸುವವರಿಗೆ ಮೊದಲ ನೋಟಕ್ಕೆ ಇದು ಒಳ್ಳೆಯ ಸುದ್ದಿ. ಗಾಳಿಯ ತಡೆ ಕಡಿಮೆಯಾದರೆ ಇಂಧನ ಉಳಿಯುತ್ತದೆ. ಆದರೆ ಅದೇ ಗಾಳಿ ಅಲ್ಲಿನ ಕಸವನ್ನೂ ಗುಡಿಸುತ್ತದೆ. ಕೆಟ್ಟುಹೋದ ಉಪಗ್ರಹ, ರಾಕೆಟ್ ಚೂರು, ಡಿಕ್ಕಿಯಲ್ಲಿ ಸಿಡಿದ ತುಣುಕು, ಇವೆಲ್ಲ ಗಾಳಿಯ ತಡೆಯಿಂದಲೇ ನಿಧಾನಕ್ಕೆ ಇಳಿದು ಉರಿದುಹೋಗಬೇಕು. ಬೇರೆ ದಾರಿ ನಮ್ಮ ಹತ್ತಿರ ಸದ್ಯಕ್ಕೆ ಇಲ್ಲವೇ ಇಲ್ಲ ಅನ್ನಬೇಕು. ಗಾಳಿ ತೆಳುವಾದರೆ ಕಸ ಜಾಸ್ತಿ ವರ್ಷ ಮೇಲೇ ಸುತ್ತುತ್ತದೆ, ಡಿಕ್ಕಿಯ ಅಪಾಯ ಏರುತ್ತದೆ. 2009ರ ಫೆಬ್ರವರಿ 10ರಂದು ಸುಮಾರು 790 ಕಿ.ಮೀ. ಎತ್ತರದಲ್ಲಿ ಅಮೆರಿಕದ ಇರಿಡಿಯಂ ಸಂಪರ್ಕ ಉಪಗ್ರಹ ಮತ್ತು ಕೆಟ್ಟು ಸುತ್ತುತ್ತಿದ್ದ ರಷ್ಯಾದ ಕಾಸ್ಮಾಸ್ ಉಪಗ್ರಹ ಡಿಕ್ಕಿಯಾದವು. ಗುರುತಿಸಬಲ್ಲ ಚೂರುಗಳೇ ಎರಡು ಸಾವಿರದ ಆಸುಪಾಸು ಹುಟ್ಟಿದವು. ಅವುಗಳಲ್ಲಿ ಹಲವು ಇನ್ನೂ ಸುತ್ತುತ್ತಿವೆ.

ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಸಂಶೋಧಕರ ನೇತೃತ್ವದ ತಂಡ 2025ರಲ್ಲಿ ನೇಚರ್ ಸಸ್ಟೇನಬಿಲಿಟಿ ಪತ್ರಿಕೆಯಲ್ಲಿ ಇದರ ಲೆಕ್ಕ ಕೊಟ್ಟಿತು. ಹೊಗೆ ಬಿಡುವುದು ಜೋರಾಗಿಯೇ ಮುಂದುವರಿದರೆ, 200ರಿಂದ 1,000 ಕಿ.ಮೀ. ಎತ್ತರದಲ್ಲಿ ಸುರಕ್ಷಿತವಾಗಿ ಸುತ್ತಬಲ್ಲ ಉಪಗ್ರಹಗಳ ಸಂಖ್ಯೆ 2100ರ ಹೊತ್ತಿಗೆ 50ರಿಂದ 66 ಶೇಕಡ ಇಳಿಯಬಹುದು. ಈಗಾಗಲೇ ಹತ್ತು ಸಾವಿರಕ್ಕೂ ಜಾಸ್ತಿ ಉಪಗ್ರಹಗಳು ಕೆಲಸ ಮಾಡುತ್ತಿವೆ, ಅದರಲ್ಲಿ ಹೆಚ್ಚಿನವು ಇದೇ ಎತ್ತರದಲ್ಲಿ. ಈ ಜಾಗ ಎಲ್ಲ ದೇಶಗಳದ್ದೂ. ಇನ್ನೂ ಒಂದು ಉಪಗ್ರಹವನ್ನೂ ಹಾರಿಸದ ದೇಶಗಳಿಗೂ ಅದರಲ್ಲಿ ಪಾಲಿದೆ. ಮೊದಲು ಹೋದವರು ಅದನ್ನು ತುಂಬಿಸಿಬಿಟ್ಟರೆ ಉಳಿದವರಿಗೆ ನ್ಯಾಯ ಎಲ್ಲಿ?

ಕುಗ್ಗುವುದು ನಿಧಾನದ ಕೆಲಸ. ಹಿಗ್ಗುವುದು ದಿಢೀರ್ ಆಗಬಹುದು. ಸೂರ್ಯನ ಹನ್ನೊಂದು ವರ್ಷದ ಏರಿಳಿತದಲ್ಲಿ 400 ಕಿ.ಮೀ. ಎತ್ತರದ ಸಾಂದ್ರತೆ ಸುಮಾರು ಹತ್ತು ಪಟ್ಟು ಬದಲಾಗಬಹುದು. ಅಮೆರಿಕದ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣ 1979ರ ಜುಲೈ 11ರಂದು ಲೆಕ್ಕಕ್ಕಿಂತ ಮೊದಲೇ ಬಿದ್ದದ್ದು ಸೂರ್ಯ ಅಂದುಕೊಂಡದ್ದಕ್ಕಿಂತ ಜಾಸ್ತಿ ಚುರುಕಾಗಿದ್ದರಿಂದ. 2022ರ ಫೆಬ್ರವರಿ 3ರಂದು ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 210 ಕಿ.ಮೀ. ಎತ್ತರದಲ್ಲಿದ್ದಾಗ ಭೂಕಾಂತೀಯ ಬಿರುಗಾಳಿ, ಅಂದರೆ ಸೂರ್ಯನ ಕಣಗಳ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಕದಡುವ ಬಿರುಗಾಳಿ, ಬಂತು. ದೊಡ್ಡ ಬಿರುಗಾಳಿಯೇನೂ ಅಲ್ಲ. ಆದರೂ ಗಾಳಿಯ ತಡೆ ಹಿಂದಿನ ಉಡಾವಣೆಗಳಲ್ಲಿ ಕಂಡದ್ದಕ್ಕಿಂತ 50 ಶೇಕಡದವರೆಗೆ ಏರಿತು, ಸುಮಾರು 40 ಉಪಗ್ರಹಗಳು ಬಿದ್ದು ಉರಿದವು. ಇಂಥ ಏರುಪೇರಿನ ನಡುವೆ ಹತ್ತು ವರ್ಷಕ್ಕೆ ಕೆಲವೇ ಶೇಕಡದ ಇಳಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಇದನ್ನು ಕಡೆಗಣಿಸುವುದು ಸುಲಭ.

ಉರಿದದ್ದು ಎಲ್ಲಿ ಹೋಗುತ್ತದೆ?

ಕೆಲಸ ಮುಗಿದ ಉಪಗ್ರಹವನ್ನು ಅದು ಕೆಡುವ ಮೊದಲೇ, ಗಾಳಿಗೆ ಬಿಡದೆ ನಾವೇ ಬೇಗ ಇಳಿಸಿ ಉರಿಸಿಬಿಟ್ಟರಾಯಿತಲ್ಲ ಎನ್ನಬಹುದು. ನಿಯಮಗಳು ಆ ಕಡೆಗೇ ಹೋಗುತ್ತಿವೆ. ಕೆಲಸ ಮುಗಿದ ಮೇಲೆ 25 ವರ್ಷದೊಳಗೆ ಇಳಿಸಬೇಕು ಎಂಬುದು ಹಳೆಯ ರೂಢಿ. ಅಮೆರಿಕದ ಸಂಪರ್ಕ ಆಯೋಗ 2022ರಲ್ಲಿ ಅದನ್ನು 5 ವರ್ಷಕ್ಕೆ ಇಳಿಸಿತು. ಕಸದ ದೃಷ್ಟಿಯಿಂದ ಇದು ಸರಿಯಾದ ಹೆಜ್ಜೆ.

ಆದರೆ ಅವು ಉರಿಯುವುದು ಎಲ್ಲಿ? ಮಧ್ಯಂತರ ಮಂಡಲದಲ್ಲಿ. ಉಲ್ಕೆಗಳಲ್ಲಿ ಅಲ್ಯೂಮಿನಿಯಂ ಸ್ವಲ್ಪವೇ ಇರುತ್ತದೆ, ಉಪಗ್ರಹಗಳ ಮೈಯೇ ಅಲ್ಯೂಮಿನಿಯಂ. 250 ಕಿಲೋ ತೂಕದ ಒಂದು ಉಪಗ್ರಹ ಉರಿದರೆ ಸುಮಾರು 30 ಕಿಲೋ ಅಲ್ಯೂಮಿನಿಯಂ ಆಕ್ಸೈಡ್ ಪುಡಿಯಾಗಬಹುದು ಎಂದು 2024ರ ಒಂದು ಅಧ್ಯಯನ ಅಂದಾಜು ಮಾಡಿದೆ. ಆ ಪುಡಿ ವರ್ಷಗಟ್ಟಲೆ ಇಳಿಯುತ್ತಾ ಓಝೋನ್ ಇರುವ ಪದರಕ್ಕೆ ಬರುತ್ತದೆ. ಇದು ಬರೀ ಅಂದಾಜಲ್ಲ. ಎತ್ತರಕ್ಕೆ ಹಾರುವ ನಾಸಾ ವಿಮಾನದಿಂದ ಸಮೋಷ್ಣ ಮಂಡಲದ ಗಂಧಕಾಮ್ಲದ ಕಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ, ದೊಡ್ಡ ಕಣಗಳಲ್ಲಿ ಸುಮಾರು 10 ಶೇಕಡದಷ್ಟರಲ್ಲಿ ಉಪಗ್ರಹ ಮತ್ತು ರಾಕೆಟ್‌ಗಳಿಂದ ಬಂದ ಅಲ್ಯೂಮಿನಿಯಂ ಮತ್ತು ಇತರ ಲೋಹಗಳಿವೆ.

ಹಾಗಾಗಿ ಎರಡು ಕಡೆಯಿಂದಲೂ ಇಕ್ಕಟ್ಟು. ಮೇಲೆ ಬಿಟ್ಟರೆ ಉಷ್ಣತಾ ಮಂಡಲದಲ್ಲಿ ಕಸ, ಇಳಿಸಿದರೆ ಮಧ್ಯಂತರ ಮಂಡಲದಲ್ಲಿ ಲೋಹದ ಪುಡಿ. ಉಪಗ್ರಹ ಯಾವುದರಿಂದ ಮಾಡಬೇಕು ಎಂಬ ಪ್ರಶ್ನೆಯೂ ಈಗ ಎದ್ದಿದೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯ ಮತ್ತು ಸುಮಿಟೊಮೊ ಫಾರೆಸ್ಟ್ರಿ ಸೇರಿ ಮಾಡಿದ, ಅಂಗೈಯಲ್ಲಿ ಹಿಡಿಸುವ ಮರದ ಉಪಗ್ರಹ ಲಿಗ್ನೋಸ್ಯಾಟ್ 2024ರ ಕೊನೆಯಲ್ಲಿ ಕಕ್ಷೆ ಸೇರಿತು. ಅದರ ಜೊತೆ ಸಂಪರ್ಕ ಸಿಗಲಿಲ್ಲ. ಆದರೆ ಮರ ಉರಿದರೆ ಅಲ್ಯೂಮಿನಿಯಂ ಪುಡಿ ಹುಟ್ಟುವುದಿಲ್ಲ, ಆ ಯೋಚನೆ ಮುಂದುವರಿಯಬೇಕು.

ಇದೆಲ್ಲದರ ನಡುವೆ ನನಗೆ ಹೆಚ್ಚು ಕಳವಳ ತರುವುದು ಅಳತೆಯ ವಿಷಯ. ಟೈಮ್ಡ್ ಉಪಗ್ರಹ 2001ರ ಡಿಸೆಂಬರ್‌ನಲ್ಲಿ ಹಾರಿದ್ದು, ಎರಡು ವರ್ಷ ಕೆಲಸ ಮಾಡಲಿ ಎಂದು. ಅದು ಇಪ್ಪತ್ತು ವರ್ಷ ದಾಟಿಯೂ ದುಡಿದಿದೆ. ಆ ನೀಲಿ ಮೋಡಗಳನ್ನು ನೋಡಲೆಂದೇ 2007ರಲ್ಲಿ ಹೋದ ಏಮ್ ಉಪಗ್ರಹ 2023ರಲ್ಲಿ ಬ್ಯಾಟರಿ ಕೆಟ್ಟು ನಿಂತಿತು. 5ರಿಂದ 115 ಕಿ.ಮೀ.ವರೆಗಿನ ಗಾಳಿಯನ್ನು ಪದರಪದರವಾಗಿ ನೋಡಬಲ್ಲ ಕೈರ್ಟ್ ಎಂಬ ಯೋಜನೆ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಕೊನೆಯ ಸುತ್ತಿಗೆ ಬಂದಿತ್ತು. 2025ರಲ್ಲಿ ಸಂಸ್ಥೆ ಅದನ್ನು ಬಿಟ್ಟು, ಮೋಡದೊಳಗಿನ ಗಾಳಿಯ ವೇಗ ಅಳೆಯುವ ವಿವರ್ನ್ ಯೋಜನೆಯನ್ನು ಆರಿಸಿತು. ವಿವರ್ನ್ ಕೂಡ ಬೇಕಾದದ್ದೇ. ಆದರೆ ಹತ್ತು ವರ್ಷಕ್ಕೆ ಕೆಲವೇ ಶೇಕಡ ಬದಲಾಗುವ ಸಂಗತಿಯನ್ನು ಹಿಡಿಯಬೇಕಾದರೆ ಅಳತೆ ನಡುವೆ ನಿಲ್ಲಬಾರದು. ಹಳೆಯ ಉಪಕರಣ ಮತ್ತು ಹೊಸದು ಸ್ವಲ್ಪ ಕಾಲವಾದರೂ ಒಟ್ಟಿಗೆ ಕೆಲಸ ಮಾಡಬೇಕು, ಇಲ್ಲದಿದ್ದರೆ ಎರಡರ ಲೆಕ್ಕವನ್ನು ಸರಿಯಾಗಿ ಜೋಡಿಸಲು ಆಗುವುದಿಲ್ಲ. ಸಾವಿರಾರು ಉಪಗ್ರಹಗಳನ್ನು ಹಾರಿಸುವ ದೇಶಗಳು ಮತ್ತು ಕಂಪನಿಗಳು ಇಂಥ ಅಳತೆ ಮಾಡುವ ಒಂದು ಉಪಗ್ರಹದ ಖರ್ಚನ್ನು ಹಂಚಿಕೊಳ್ಳಬಹುದು. ತಮ್ಮ ಉಪಗ್ರಹಗಳು ಎಷ್ಟು ವರ್ಷ ಮೇಲಿರುತ್ತವೆ, ಯಾವಾಗ ಬೀಳುತ್ತವೆ ಎಂದು ಲೆಕ್ಕ ಹಾಕಲು ಅವರಿಗೇ ಈ ಅಂಕಿಗಳು ಬೇಕು.